ಒಂದೇ ಆಲ್ಬಮ್, ಹಲವು ಮರುಮುದ್ರಣ: ಪ್ರಾಗ್ ರಾಕ್ ಎಲ್‌ಪಿಗಳನ್ನು ಹೋಲಿಸುವುದು ಹೇಗೆ?

ಓದುಗರ ಪ್ರಶ್ನೆ: ಕಿಂಗ್ ಕ್ರಿಮ್ಸನ್, ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್ ಇಂಥ ಪ್ರಾಗ್ ರಾಕ್ (ಉದ್ದುದ್ದ, ಸಂಕೀರ್ಣ ಹಾಡುಗಳ ರಾಕ್) ಬ್ಯಾಂಡ್‌ಗಳ ಹಳೆಯ ಆಲ್ಬಮ್‌ಗಳು ಎಲ್‌ಪಿಯಲ್ಲಿ ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬರು 180 ಗ್ರಾಂ ತೂಕದ್ದೇ ಒಳ್ಳೆಯದು ಅಂತಾರೆ, ಇನ್ನೊಬ್ಬರು ಹಾಫ್-ಸ್ಪೀಡ್ ಅಂತಾರೆ, ಮತ್ತೊಬ್ಬರು ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಮಾಡಿದ ರೀಮಿಕ್ಸ್ ಬಿಟ್ಟು ಬೇರೆ ಕೇಳಲೇಬೇಡಿ ಅಂತಾರೆ. ಎರಡು ಮುದ್ರಣ ಕೈಯಲ್ಲಿದ್ದಾಗ ಯಾವುದು ಮೇಲು ಅಂತ ನಾವೇ ತೀರ್ಮಾನಿಸುವುದು ಹೇಗೆ?

ಉತ್ತರ: ಈ ಮೂವರೂ ಬೇರೆ ಬೇರೆ ವಿಷಯ ಮಾತಾಡುತ್ತಿದ್ದಾರೆ, ಜಗಳ ಮುಗಿಯದಿರುವುದು ಅದಕ್ಕೇ. ಒಂದು ಎಲ್‌ಪಿಯ ಸದ್ದು ನಾಲ್ಕು ಹಂತ ದಾಟಿ ನಿಮ್ಮ ಕಿವಿಗೆ ಬರುತ್ತದೆ: ಯಾವ ಮಿಕ್ಸ್ (ದನಿ, ವಾದ್ಯಗಳ ಜೋಡಣೆ), ಆ ಮಿಕ್ಸ್‌ನ ಯಾವ ತಲೆಮಾರಿನ ಟೇಪ್ ಅಥವಾ ಫೈಲ್, ಅದನ್ನು ಲ್ಯಾಕರ್ (ಅಚ್ಚಿಗೆ ಮೂಲವಾಗುವ ಮೆದು ತಟ್ಟೆ) ಮೇಲೆ ಕೊರೆದವರು ಯಾರು, ಒತ್ತಿದ ಕಾರ್ಖಾನೆ ಯಾವುದು. ತೂಕಕ್ಕೆ ಸಂಬಂಧವಿರುವುದು ಕೊನೆಯ ಹಂತಕ್ಕೆ ಮಾತ್ರ, ಹಾಫ್-ಸ್ಪೀಡ್‌ಗೆ ಮೂರನೆಯದಕ್ಕೆ, ರೀಮಿಕ್ಸ್‌ಗೆ ಮೊದಲನೆಯದಕ್ಕೆ. ಹೋಲಿಸುವಾಗಲೂ ಇದೇ ಕ್ರಮದಲ್ಲಿ ಮೇಲಿನಿಂದ ಕೆಳಗೆ ಇಳಿಯಬೇಕು.

ಮೊದಲು ಮಿಕ್ಸ್. ರೀಮಾಸ್ಟರ್ ಎಂದರೆ 1970ರ ಸುಮಾರಿನಲ್ಲಿ ಮುಗಿಸಿದ ಸ್ಟೀರಿಯೊ ಟೇಪನ್ನೇ ಮತ್ತೊಮ್ಮೆ ಹದಗೊಳಿಸಿದ್ದು. ರೀಮಿಕ್ಸ್ ಎಂದರೆ ವಾದ್ಯಗಳು ಬೇರೆ ಬೇರೆಯಾಗಿ ದಾಖಲಾದ ಮಲ್ಟಿಟ್ರ್ಯಾಕ್ ಟೇಪಿಗೇ ಹಿಂದಿರುಗಿ ಡ್ರಮ್ಸ್, ಬಾಸ್, ದನಿ ಎಲ್ಲವನ್ನೂ ಹೊಸದಾಗಿ ಜೋಡಿಸಿದ್ದು. ವಿಲ್ಸನ್ 2011ರಲ್ಲಿ ಮಾಡಿದ ಜೆತ್ರೊ ಟಲ್‌ನ 'ಆಕ್ವಾಲಂಗ್' ರೀಮಿಕ್ಸ್‌ಗೆ ಸಕಾರಣವಾಗಿಯೇ ಹೆಸರು ಬಂದಿದೆ. 1971ರ ಮೂಲ ಮಿಕ್ಸ್ ಮಂಕಾಗಿ, ಕಂಬಳಿ ಹೊದ್ದಂತೆ ಕೇಳುತ್ತದೆ. ಹೊಸದರಲ್ಲಿ ಅಕೌಸ್ಟಿಕ್ ಗಿಟಾರ್‌ನ ತಂತಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆದರೆ ಇದೇ ಮಾತನ್ನು ಯೆಸ್‌ನ 'ಕ್ಲೋಸ್ ಟು ದ ಎಡ್ಜ್'ಗೆ ಅಷ್ಟು ಸುಲಭವಾಗಿ ಹೇಳಲಾಗದು. 1972ರಲ್ಲಿ ಎಡ್ಡಿ ಆಫರ್ಡ್ ಕಟ್ಟಿದ ಮಿಕ್ಸ್‌ನಲ್ಲಿ ವಾದ್ಯಗಳು ಒಂದರ ಮೇಲೊಂದು ಬೀಳುವ ಆ ಗದ್ದಲವೇ ಹಾಡಿನ ಜೀವ. 2013ರ ರೀಮಿಕ್ಸ್ ಅದನ್ನು ಬಿಡಿಸಿ ತೋರಿಸುತ್ತದೆ, ಕೆಲವರಿಗೆ ಅದೇ ಹಿಡಿಸುವುದಿಲ್ಲ. ರೀಮಿಕ್ಸ್ ಒಂದು, ಮೂಲ ಮಿಕ್ಸ್ ಒಂದು ಇಟ್ಟುಕೊಂಡು "ಪ್ರೆಸ್ಸಿಂಗ್ ಯಾವುದು ಚೆನ್ನ" ಎಂದು ಚರ್ಚಿಸಿದರೆ ಎಷ್ಟು ಹೊತ್ತಾದರೂ ಮುಗಿಯದು. ಮೊದಲು ಎರಡೂ ಒಂದೇ ಮಿಕ್ಸೋ ಅಲ್ಲವೋ ನೋಡಿ. ಕೆಲವೊಮ್ಮೆ ಹಾಡಿನ ಉದ್ದವೇ ಸುಳಿವು ಕೊಡುತ್ತದೆ: ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಮ್‌ನಲ್ಲಿ 12 ನಿಮಿಷದ 'ಮೂನ್‌ಚೈಲ್ಡ್' 2009ರ ಮಿಕ್ಸ್‌ನಲ್ಲಿ 9 ನಿಮಿಷದ ಆಸುಪಾಸಿಗೆ ಇಳಿದಿದೆ.

ಟೇಪ್ ಎಷ್ಟನೇ ತಲೆಮಾರಿನದು ಎನ್ನುವ ಎರಡನೇ ಪ್ರಶ್ನೆಗೂ ಈ ಆಲ್ಬಮ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' 1969ರ ಅಕ್ಟೋಬರ್ 10ರಂದು ಐಲ್ಯಾಂಡ್ ಲೇಬಲ್‌ನಲ್ಲಿ ಬಂತು. ಮಿಕ್ಸ್ ಇಳಿಸಿಕೊಂಡ ಟೇಪ್ ಯಂತ್ರದ ಹೆಡ್ ಸರಿಯಾಗಿ ಹೊಂದಿಕೊಂಡಿರಲಿಲ್ಲ. ಅದರಿಂದ ಮೇಲಿನ ಸ್ವರಗಳು ಕುಂದಿದವು, ಬೇಡದ ಬಿರುಕು ಸದ್ದೂ ಸೇರಿತು, '21ಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್'ನಲ್ಲಿ ಅದು ಎದ್ದು ಕಾಣುತ್ತದೆ. ಅಮೆರಿಕದ ಅಟ್ಲಾಂಟಿಕ್ ಬಿಡುಗಡೆಗೆ ಸಿದ್ಧತೆ ನಡೆಸುವಾಗ ಇದನ್ನು ತಿದ್ದಲೆಂದು ಒಂದು ಪ್ರತಿ ತೆಗೆದರು. ಅನಲಾಗ್ ಟೇಪಿನಿಂದ ಇನ್ನೊಂದು ಟೇಪಿಗೆ ಇಳಿಸಿದಾಗಲೆಲ್ಲ ಹಿಸ್ (ಸುಯ್ ಎನ್ನುವ ಹಿನ್ನೆಲೆ ಸದ್ದು) ಹೆಚ್ಚುತ್ತದೆ, ಅಂಚು ಮೊಂಡಾಗುತ್ತದೆ. ಮುಂದೆ ದಶಕಗಟ್ಟಲೆ ಮರುಮುದ್ರಣಗಳಿಗೆ ಈ ಎರಡನೇ ತಲೆಮಾರಿನ ಪ್ರತಿಯೇ ತಾಯಿಬೇರಾಯಿತು. ಕಳೆದೇಹೋಯಿತು ಎಂದುಕೊಂಡಿದ್ದ ಮೊದಲ ತಲೆಮಾರಿನ ಮಾಸ್ಟರ್ 2000ದ ದಶಕದ ಆರಂಭದಲ್ಲಿ ಸಿಕ್ಕಿತು. ಹಾಗಾಗಿ ಈ ಆಲ್ಬಮ್ ಮಟ್ಟಿಗೆ 1980ರ ದಶಕದ ಮರುಮುದ್ರಣಕ್ಕಿಂತ 2004ರ ನಂತರದ್ದು ಮೂಲ ಟೇಪಿಗೆ ಹತ್ತಿರ. "ಹಳೆಯದಾದಷ್ಟೂ ಒಳ್ಳೆಯದು" ಎನ್ನುವ ಸಂಗ್ರಾಹಕರ ಲೆಕ್ಕ ಇಲ್ಲಿ ತಲೆಕೆಳಗು.

ಜಪಾನ್ ಮುದ್ರಣಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ಅಲ್ಲಿಯ ವಿನೈಲ್ ಬಹಳ ಶಾಂತ, ಪಟಪಟ ಸದ್ದು ಕಡಿಮೆ. ಆದರೆ ಬಹುಪಾಲು ಸಲ ಅವರಿಗೆ ಹೋದದ್ದು ಮೂಲ ಟೇಪಿನ ನಕಲು. ಹಿನ್ನೆಲೆ ನಿಶ್ಶಬ್ದವಾಗಿದ್ದ ಮಾತ್ರಕ್ಕೆ ಸಂಗೀತದ ವಿವರವೂ ಹೆಚ್ಚಿದೆ ಅಂತಲ್ಲ.

ಹೊದಿಕೆಯ ಸ್ಟಿಕ್ಕರ್ ಓದುವಾಗ ವಕೀಲರಂತೆ ಓದಿ. "ಕಟ್ ಫ್ರಂ ದ ಒರಿಜಿನಲ್ ಅನಲಾಗ್ ಟೇಪ್ಸ್" ಅಂದರೆ ಒಂದು ಅರ್ಥ, "ಸೋರ್ಸ್ಡ್ ಫ್ರಂ" ಅಂದರೆ ನಡುವೆ ಡಿಜಿಟಲ್ ಫೈಲ್ ಇರಬಹುದು. 2022ರಲ್ಲಿ ಮೊಬೈಲ್ ಫಿಡೆಲಿಟಿ ಕಂಪನಿಯ ವಿವಾದ ಎದ್ದದ್ದು ಇದೇ ಕಾರಣಕ್ಕೆ: ಪೂರ್ತಿ ಅನಲಾಗ್ ಎಂದು ಜನ ನಂಬಿ ಕೊಂಡಿದ್ದ ಅನೇಕ ರೆಕಾರ್ಡ್‌ಗಳಲ್ಲಿ 2011ರಿಂದಲೇ ಡಿಎಸ್‌ಡಿ ಎಂಬ ಡಿಜಿಟಲ್ ಹಂತವಿತ್ತು. ಮೊಕದ್ದಮೆ 2.5 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಗಮನಿಸಬೇಕಾದ್ದು, ಅಷ್ಟು ವರ್ಷ ಕಿವಿಯಿಂದಷ್ಟೇ ಅದನ್ನು ಯಾರೂ ಖಚಿತವಾಗಿ ಹಿಡಿಯಲಿಲ್ಲ.

ಹಾಫ್-ಸ್ಪೀಡ್ ಎಂದರೆ ಕೊರೆಯುವ ಯಂತ್ರ (ಲೇತ್) ನಿಮಿಷಕ್ಕೆ 16⅔ ಸುತ್ತಿನಲ್ಲಿ, ಸಂಗೀತವೂ ಅರ್ಧ ವೇಗದಲ್ಲಿ. ಕೊರೆಯುವ ಹೆಡ್‌ಗೆ ಮೇಲಿನ ಸ್ವರಗಳು ಅರ್ಧ ಆವರ್ತನದಲ್ಲಿ ಬರುವುದರಿಂದ ಸಿಂಬಲ್, ಸಕಾರದ ಸದ್ದು ಚೊಕ್ಕವಾಗುತ್ತವೆ. ಇಂದಿನ ಹಾಫ್-ಸ್ಪೀಡ್ ರೆಕಾರ್ಡ್‌ಗಳು ಸಾಮಾನ್ಯವಾಗಿ ಡಿಜಿಟಲ್ ಫೈಲ್‌ನಿಂದಲೇ ಬರುತ್ತವೆ. ಅದು ದೋಷವೇನಲ್ಲ, ಗೊತ್ತಿರಲಿ ಅಷ್ಟೇ.

ಇನ್ನು ತೂಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಗಾದೆ 180 ಗ್ರಾಂ ಸ್ಟಿಕ್ಕರ್‌ಗೆ ಚೆನ್ನಾಗಿ ಒಪ್ಪುತ್ತದೆ. 12 ಇಂಚಿನ ತಟ್ಟೆಯಲ್ಲಿ 120 ಗ್ರಾಂಗೂ 180 ಗ್ರಾಂಗೂ ಸರಾಸರಿ ದಪ್ಪದ ವ್ಯತ್ಯಾಸ ಸುಮಾರು 0.6 ಮಿ.ಮೀ. ಮಾತ್ರ. ಗೆರೆಯ ಆಳ ಎರಡರಲ್ಲೂ ಅದೇ. "ದಪ್ಪ ರೆಕಾರ್ಡ್ ಹಾಕಿದರೆ ಸೂಜಿ ಹೊತ್ತ ತೋಳಿನ ಎತ್ತರ ಬದಲಿಸಬೇಕು" ಎನ್ನುವವರಿಗೆ ಒಂದು ಲೆಕ್ಕ: 230 ಮಿ.ಮೀ. ತೋಳಿನಲ್ಲಿ 4 ಮಿ.ಮೀ. ಎತ್ತರ ಬದಲಾದರೆ ಸೂಜಿಯ ಕೋನ 1 ಡಿಗ್ರಿ ಬದಲಾಗುತ್ತದೆ. 0.6 ಮಿ.ಮೀ.ಗೆ ಅದು 0.15 ಡಿಗ್ರಿ. ನಿಮಗೆ ದೊಡ್ಡ ವ್ಯತ್ಯಾಸ ಕೇಳಿಸುತ್ತಿದ್ದರೆ ಕಾರಣ ಬೇರೆಲ್ಲೋ ಇದೆ.

ಲೇಬಲ್‌ಗಿಂತ ಹೆಚ್ಚು ನಂಬಬಹುದಾದದ್ದು ಡೆಡ್ ವ್ಯಾಕ್ಸ್, ಅಂದರೆ ಕೊನೆಯ ಗೆರೆಗೂ ಲೇಬಲ್‌ಗೂ ನಡುವಿನ ನುಣುಪು ಪಟ್ಟಿ. ಅಲ್ಲಿ ಕೆತ್ತಿದ್ದನ್ನು ಓದಲು ಮೊಬೈಲ್ ಟಾರ್ಚನ್ನು ತಟ್ಟೆಗೆ ಸಮಾನಾಂತರವಾಗಿ, ಒಂದು ಬದಿಯಿಂದ ಹಾಯಿಸಿ. ನೇರ ಮೇಲಿನಿಂದ ಹಿಡಿದರೆ ಏನೂ ಕಾಣದು. 'ಪೋರ್ಕಿ' ಎಂದಿದ್ದರೆ ಕೊರೆದವರು ಜಾರ್ಜ್ ಪೆಕಮ್, 'ಆರ್‌ಎಲ್' ಎಂದಿದ್ದರೆ ರಾಬರ್ಟ್ ಲಡ್‌ವಿಗ್. ಇಎಂಐ ಕಂಪನಿಯ ಹಳೆಯ ಬ್ರಿಟಿಷ್ ರೆಕಾರ್ಡ್‌ಗಳಲ್ಲಿ ಇನ್ನೂ ವಿವರವಿದೆ. 'ದ ಡಾರ್ಕ್ ಸೈಡ್ ಆಫ್ ದ ಮೂನ್' ತೆಗೆದುಕೊಳ್ಳಿ. ಮ್ಯಾಟ್ರಿಕ್ಸ್ ಸಂಖ್ಯೆ (ಆ ಬದಿಯ ಗುರುತು) ಕೆಳಗೆ, ಗಡಿಯಾರದ 6ರ ಜಾಗದಲ್ಲಿ ಬರುವಂತೆ ಹಿಡಿದರೆ 'ಎಸ್‌ಎಚ್‌ವಿಎಲ್ 804 ಎ-2' ಎಂಬಂಥ ಬರಹ ಸಿಗುತ್ತದೆ, ಕೊನೆಯ ಅಂಕೆ ಎಷ್ಟನೇ ಲ್ಯಾಕರ್ ಎಂಬುದು. 9ರ ಜಾಗದಲ್ಲಿರುವ ಅಂಕೆ ಮದರ್‌ನದು, ಅಂದರೆ ಒತ್ತುವ ಅಚ್ಚುಗಳನ್ನು (ಸ್ಟ್ಯಾಂಪರ್) ತೆಗೆಯುವ ಲೋಹದ ತಟ್ಟೆಯದು. 3ರ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅದು ಸ್ಟ್ಯಾಂಪರ್ ಸಂಖ್ಯೆ. ಸಂಕೇತ ಹೀಗೆ: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. 'ಜಿಆರ್' ಎಂದರೆ 12ನೇ ಸ್ಟ್ಯಾಂಪರ್. ಒಂದೇ ಲೇಬಲ್ ಇರುವ ಎರಡು ಪ್ರತಿಗಳು ಬೇರೆ ಬೇರೆಯಾಗಿ ಕೇಳಿದರೆ ಉತ್ತರ ಹೆಚ್ಚಾಗಿ ಇಲ್ಲೇ ಇರುತ್ತದೆ.

ಈಗ ಕೇಳುವ ಕೆಲಸ. ಕಿವಿ ಮೋಸಹೋಗುವುದು ಮುಖ್ಯವಾಗಿ ಒಂದೇ ಕಾರಣಕ್ಕೆ: ಜೋರಾಗಿರುವುದು ಚೆನ್ನಾಗಿ ಕೇಳುತ್ತದೆ. 1 ಡೆಸಿಬೆಲ್ ಹೆಚ್ಚಿದ್ದರೂ "ಜೋರು" ಅನ್ನಿಸುವುದಿಲ್ಲ, "ಜೀವಂತ" ಅನ್ನಿಸುತ್ತದೆ. ಆದ್ದರಿಂದ ಸಮ ಮಾಡದೆ ಹೋಲಿಸಬೇಡಿ. ಎರಡನ್ನೂ ತೊಳೆದು ಒಣಗಿಸಿ, ಒಂದೇ ಕಾರ್ಟ್ರಿಜ್ (ಸೂಜಿ ಇರುವ ಭಾಗ), ಸೂಜಿಯ ಒಂದೇ ಒತ್ತಡದಲ್ಲಿ (ಆರ್ಟೋಫಾನ್ 2ಎಂ ಬ್ಲೂ ಆದರೆ 1.8 ಗ್ರಾಂ) ಕಂಪ್ಯೂಟರ್‌ಗೆ 24 ಬಿಟ್‌ನಲ್ಲಿ ಇಳಿಸಿ. ಶಿಖರ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ಎರಡರಿಂದಲೂ ಅದೇ 30 ಸೆಕೆಂಡಿನ ತುಣುಕು ಕತ್ತರಿಸಿ, ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎರಡಕ್ಕೂ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಕೊಡಿ. ಶಿಖರ ನೋಡಿ ಸಮ ಮಾಡಿದರೆ ಕೆಡುತ್ತದೆ, ಏಕೆಂದರೆ ಒಂದು ಧೂಳಿನ ಟಕ್ ಸದ್ದೇ ಶಿಖರವಾಗಿಬಿಡಬಹುದು. ಆಮೇಲೆ ಫೈಲ್ ಹೆಸರು ಮನೆಯವರಿಂದ ಬದಲಿಸಿಕೊಂಡು, ಯಾವುದು ಯಾವುದೆಂದು ತಿಳಿಯದೆ ಕೇಳಿ. ತುಣುಕು ಉದ್ದ ಬೇಡ, ಟರ್ನ್‌ಟೇಬಲ್ ವೇಗದ ಸಣ್ಣ ಏರಿಳಿತದಿಂದ ಎರಡೂ ಬೇಗ ಅಗಲುತ್ತವೆ. ಮೆಲು-ಜೋರು ಸದ್ದಿನ ಅಂತರ ಅಳೆಯುವ ಡಿಆರ್ ಮೀಟರ್ ಅಂಕೆಯನ್ನು ವಿನೈಲ್‌ಗೆ ನಂಬಬೇಡಿ. ಸಿಡಿಗೆಂದು ಆ ಅಂತರ ಹಿಂಡಿದ ಅದೇ ಫೈಲನ್ನು ಎಲ್‌ಪಿಗೆ ಕೊರೆದಾಗಲೂ ಫೇಸ್ (ಅಲೆಗಳ ಸಮಯ ಹೊಂದಿಕೆ) ಬದಲಾವಣೆಯಿಂದ ಶಿಖರಗಳು ಏರಿ ಅಂಕೆ ಮೇಲೆ ಹೋಗುತ್ತದೆ.

ಎಲ್ಲಿ ಕೇಳಬೇಕು ಎಂಬುದೂ ಮುಖ್ಯ. ಮೇಲ್ಮೈ ಸದ್ದಿಗೆ ಜೆನೆಸಿಸ್‌ನ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್' ಮೊದಲ ಬದಿಯ ಆರಂಭ, ಅಲ್ಲಿ ಪೀಟರ್ ಗೇಬ್ರಿಯಲ್ ದನಿ ಒಂದೇ ಇರುತ್ತದೆ. 'ಮೂನ್‌ಚೈಲ್ಡ್'ನ ನಡುಭಾಗವೂ ಆದೀತು. ರಂಧ್ರ ಮಧ್ಯದಲ್ಲಿಲ್ಲದ ತಟ್ಟೆಯನ್ನು ಹಿಡಿಯಲು 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಕೊನೆಯ ಪಿಯಾನೊ. ರಂಧ್ರ 0.2 ಮಿ.ಮೀ. ಸರಿದಿದ್ದರೆ ಒಳಗಿನ ಗೆರೆಯಲ್ಲಿ ಶ್ರುತಿ ಶೇಕಡಾ 0.33ರಷ್ಟು ಹಿಂದೆಮುಂದೆ ತೂಗುತ್ತದೆ, ಅದೇ ಸರಿತ ಹೊರಗಿನ ಗೆರೆಯಲ್ಲಿ 0.14 ಮಾತ್ರ. ಈ ಪರೀಕ್ಷೆಗೆ ಮೆಲೊಟ್ರಾನ್ ತುಣುಕು ಆರಿಸಬೇಡಿ. ಆ ವಾದ್ಯ ತಾನೇ ಟೇಪಿನ ಮೇಲೆ ಓಡುವಂಥದ್ದು, ಅದರ ನಡುಕವನ್ನು ರೆಕಾರ್ಡ್‌ನ ತಪ್ಪೆಂದು ತಿಳಿದುಬಿಡುತ್ತೀರಿ. ತಟ್ಟೆಯ ದೋಷವಾದರೆ ತೂಗಾಟ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಮರಳುತ್ತದೆ, ತೋಳು ಎಡಬಲ ಓಲಾಡುವುದೂ ಕಣ್ಣಿಗೆ ಕಾಣುತ್ತದೆ. ಬಟ್ಟೆ ಹರಿದಂಥ ಸದ್ದು ಒಂದೇ ಚಾನೆಲ್‌ನಲ್ಲಿ ಬಂದು, ತೊಳೆದರೂ ಹೋಗದಿದ್ದರೆ ಅದು ನಾನ್-ಫಿಲ್, ಒತ್ತುವಾಗ ವಿನೈಲ್ ಗೆರೆಯೊಳಗೆ ಪೂರ್ತಿ ಹರಿದಿಲ್ಲ. ಮಾತಾಡದೆ ಅಂಗಡಿಗೆ ವಾಪಸ್ ಕೊಡಿ.

ಪ್ರಾಗ್ ರಾಕ್‌ನ ನಿಜವಾದ ತಲೆನೋವು ಬದಿಯ ಉದ್ದ. 33⅓ ಸುತ್ತಿನಲ್ಲಿ ಹೊರಗಿನ ಗೆರೆ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ ಒಳಗಿನದು 21 ಸೆಂ.ಮೀ. ಅಷ್ಟೇ. ಅದೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿಕೊಳ್ಳಬೇಕು, ಆದ್ದರಿಂದ ಒಳಗೆ ಬಂದಂತೆ ಸದ್ದು ಒಡೆಯುತ್ತದೆ. ಈ ಬ್ಯಾಂಡ್‌ಗಳಿಗೋ ಗದ್ದಲದ ಶಿಖರವನ್ನು ಬದಿಯ ಕೊನೆಗೇ ಇಡುವ ಚಟ: 'ಎಪಿಟಾಫ್' ಕೊನೆಯ ಮೆಲೊಟ್ರಾನ್ ಅಲೆ, 'ಎಕ್ಲಿಪ್ಸ್', 'ಸಪ್ಪರ್ಸ್ ರೆಡಿ' ಎಲ್ಲವೂ ಒಳಗೆರೆಯಲ್ಲೇ. 'ಸೆಲ್ಲಿಂಗ್ ಇಂಗ್ಲೆಂಡ್'ನ ಎರಡನೇ ಬದಿ 28 ನಿಮಿಷ ದಾಟುತ್ತದೆ. 20 ನಿಮಿಷದ ಬದಿಗೆ ಹೋಲಿಸಿದರೆ ಅದನ್ನು ತಗ್ಗಿದ ಮಟ್ಟದಲ್ಲೋ ಬಾಸ್ ಕಡಿಮೆ ಮಾಡಿಯೋ ಕೊರೆಯದೆ ವಿಧಿಯಿಲ್ಲ. ಅದಕ್ಕೇ ಈ ಆಲ್ಬಮ್‌ನ ಮಟ್ಟಿಗೆ ಎರಡು ತಟ್ಟೆಯ 45 ಸುತ್ತಿನ ಆವೃತ್ತಿ ಸಿಕ್ಕರೆ ಹೆಚ್ಚು ಹಣ ಕೊಡುವುದು ಸಮರ್ಥನೀಯ. ಒಳಗೆರೆಯಲ್ಲೂ ಸೆಕೆಂಡಿಗೆ 28 ಸೆಂ.ಮೀ. ಸಿಗುತ್ತದೆ, ಬದಿಗಳೂ ಚಿಕ್ಕವು. 'ಕ್ಲೋಸ್ ಟು ದ ಎಡ್ಜ್'ಗೆ ಇದೇ ಸಲಹೆ ಕೊಡಲಾರೆವು. 45 ಸುತ್ತಿನಲ್ಲಿ ಒಂದು ಬದಿಗೆ ಹಾಯಾಗಿ ಹಿಡಿಸುವುದು 12ರಿಂದ 15 ನಿಮಿಷ, ಆಲ್ಬಮ್ ಹೆಸರಿನದೇ ಹಾಡು 18 ನಿಮಿಷ ಮೀರಿದ್ದು. ಸೇಂಟ್ ಜೈಲ್ಸ್ ಚರ್ಚಿನ ಆರ್ಗನ್ ಮೊಳಗುವ ಹೊತ್ತಿಗೆ ಎದ್ದು ಹೋಗಿ ತಟ್ಟೆ ತಿರುವಬೇಕೆಂದರೆ ಯಾವ ಸ್ಪಷ್ಟತೆಯೂ ಆ ನಷ್ಟ ತುಂಬಿಕೊಡದು. ಇದಕ್ಕೆ 33⅓ರದ್ದೇ ಸಾಕು.

ಕೊನೆಗೆ, ಬೆಂಗಳೂರಿನಂಥ ಕಡೆ ಹಳೆಯ ರೆಕಾರ್ಡ್ ರಾಶಿಯಲ್ಲಿ ಸಿಗಬಹುದಾದ ಭಾರತೀಯ ಮುದ್ರಣಗಳ ವಿಷಯ. ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಕೋಲ್ಕತ್ತಾದ ದಮ್‌ದಮ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ರೆಕಾರ್ಡ್‌ಗಳನ್ನೂ ಒತ್ತುತ್ತಿತ್ತು. ಕೊಳ್ಳುವ ಮೊದಲು ಮ್ಯಾಟ್ರಿಕ್ಸ್ ನೋಡಿ. ಅಕ್ಷರ, ಅಂಕೆ ಬ್ರಿಟಿಷ್ ಪ್ರತಿಯಂತೆಯೇ ಇದ್ದರೆ ಕೊರೆತವೂ ಅಲ್ಲಿಯದೇ ಎಂದು ಊಹಿಸಬಹುದು, ಉಳಿಯುವ ತೊಂದರೆ ಮೇಲ್ಮೈ ಸದ್ದಿನದು. ನಮ್ಮ ಮಳೆಗಾಲ ಕಂಡ ಪ್ರತಿಗಳಲ್ಲಿ ಬೂಷ್ಟು ಸಾಮಾನ್ಯ. ಅದು ವಿನೈಲನ್ನು ತಿನ್ನುವುದಿಲ್ಲ, ಗೆರೆಯೊಳಗೆ ಕೂತು ಪಟಪಟ ಎನ್ನುತ್ತದೆ, ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ಗೆರೆಯ ದಿಕ್ಕಿನಲ್ಲೇ ಮೃದು ಬ್ರಷ್ ಆಡಿಸಿದರೆ ಹೆಚ್ಚಿನದು ಹೋಗುತ್ತದೆ. ಲೇಬಲ್‌ಗೆ ನೀರು ತಾಗಬಾರದು. ತೊಳೆದ ಮೇಲೆ ಹಳೆಯ ಒಳಕವರನ್ನು ಎಸೆದು ಹೊಸ ಪಾಲಿ ಕವರ್‌ಗೆ ಹಾಕಿ, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಅದೇ ಬೂಷ್ಟು ಮತ್ತೆ ತಟ್ಟೆಯ ಮೇಲಿರುತ್ತದೆ.