ಫ್ಲಾಸ್ಕಿನಲ್ಲಿ ಬೆಳೆದ ಸಸ್ಯಕೋಶ ಟ್ಯಾಂಕಿನಲ್ಲಿ ಏಕೆ ಸೊರಗುತ್ತದೆ?

ಔಷಧ, ಬಣ್ಣದಂಥ ವಸ್ತುಗಳಿಗಾಗಿ ಶೇಕರ್ (ಅಲುಗಾಡಿಸುವ ಯಂತ್ರ) ಮೇಲಿನ ಫ್ಲಾಸ್ಕಿನಲ್ಲಿ ಸೊಂಪಾಗಿ ಬೆಳೆದ ಸಸ್ಯಕೋಶಗಳು ಬಯೋರಿಯಾಕ್ಟರಿಗೆ, ಅಂದರೆ ಕೋಶ ಬೆಳೆಸುವ ಟ್ಯಾಂಕಿಗೆ, ಇಳಿಸಿದಾಗ ಇಳುವರಿ ಕಳೆದುಕೊಳ್ಳುವುದು ಸಾಮಾನ್ಯ. ಆಗ ಅನೇಕರು ಮೊದಲು ಮಾಧ್ಯಮವನ್ನೇ (ಕೋಶ ಬೆಳೆಯುವ ಪೋಷಕ ದ್ರವವನ್ನು) ಶಂಕಿಸುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಕಲಕುವ ರೀತಿಯನ್ನು, ಗಾಳಿಯನ್ನು.

ಬ್ಯಾಕ್ಟೀರಿಯಾದ ಗಾತ್ರ ಒಂದೆರಡು ಮೈಕ್ರಾನ್. ಸಸ್ಯಕೋಶದ್ದು 20ರಿಂದ 100. ಒಳಗೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ), ಹೊರಗೆ ಬಿರುಸಾದ ಭಿತ್ತಿ. ಬ್ಯಾಕ್ಟೀರಿಯಾಕ್ಕೆ ಬಳಸುವ ರಶ್ಟನ್ ಟರ್ಬೈನ್ ಎಂಬ ನೇರ ಅಲಗಿನ ಕಲಕುಚಕ್ರದ ಹೊಡೆತವನ್ನು ಬಹಳಷ್ಟು ಕೋಶಸಾಲುಗಳು (ಒಂದೇ ಮೂಲದಿಂದ ಬೆಳೆಸಿಕೊಂಡು ಬಂದ ಕೋಶಗಳು) ತಾಳುವುದಿಲ್ಲ. ಓರೆ ಅಲಗಿನ ಅಗಲ ಇಂಪೆಲ್ಲರನ್ನು (ಕಲಕುವ ಚಕ್ರ) ನಿಧಾನವಾಗಿ ತಿರುಗಿಸುವುದು ಲೇಸು. ಕೋಶ ಇಮ್ಮಡಿಯಾಗಲು ಎರಡು ದಿನವೋ ಅದಕ್ಕಿಂತ ಹೆಚ್ಚೋ ಬೇಕು, ಹಾಗಾಗಿ ಆಮ್ಲಜನಕದ ಬೇಡಿಕೆಯೂ ಕಡಿಮೆ. ಗಾಳಿಯನ್ನು ಜೋರಾಗಿ ಊದಿದರೆ ಕೋಶಗಳಿಗೆ ಬೇಕಾದ ಇಂಗಾಲದ ಡೈಆಕ್ಸೈಡ್, ಎಥಿಲೀನ್ ಕೂಡ ಹಾರಿಹೋಗುತ್ತವೆ. ಆಮ್ಲಜನಕ ಸಾಲದಿದ್ದರೆ ಗಾಳಿಯ ಹರಿವು ಏರಿಸುವ ಬದಲು ಅದರಲ್ಲಿ ಆಮ್ಲಜನಕದ ಪಾಲನ್ನು ಹೆಚ್ಚಿಸಿ. ನೊರೆ ಎದ್ದರೆ ಕೋಶಗಳು ಅದರೊಂದಿಗೆ ಮೇಲೇರಿ ಗೋಡೆಗೆ ಅಂಟಿ, ಅಲ್ಲೇ ಒಣಗುತ್ತವೆ.

ಇನಾಕ್ಯುಲಮ್‌ನಲ್ಲಿ (ಬಿತ್ತನೆಗೆ ಹಾಕುವ ಕೋಶಗಳಲ್ಲಿ) ಜಿಪುಣತನ ಬೇಡ: ಚುರುಕಾಗಿ ಬೆಳೆಯುತ್ತಿರುವ ಕೋಶಕೃಷಿಯಿಂದ ಟ್ಯಾಂಕಿನ ಶೇ. 10–20ರಷ್ಟು ಹಾಕಿ. ಕಡಿಮೆಯಾದರೆ ಬೆಳವಣಿಗೆ ದಿನಗಟ್ಟಲೆ ಶುರುವಾಗುವುದೇ ಇಲ್ಲ. ಎರಡು-ಮೂರು ವಾರ ನಡೆಯುವ ಬ್ಯಾಚಿನಲ್ಲಿ ಒಂದು ಬ್ಯಾಕ್ಟೀರಿಯಾ ಹೊಕ್ಕರೂ ಎಲ್ಲ ಹಾಳು. ಆದ್ದರಿಂದ 121 ಡಿಗ್ರಿಯಲ್ಲಿ ಕ್ರಿಮಿಶುದ್ಧ ಮಾಡಿದ ಮಾಧ್ಯಮವನ್ನು ಕೋಶ ಹಾಕುವ ಮುನ್ನ ಎರಡು ದಿನ ಟ್ಯಾಂಕಿನಲ್ಲೇ ಕಲಕುತ್ತಾ ಬಿಟ್ಟು, ತಿಳಿಯಾಗಿಯೇ ಉಳಿಯಿತೇ ನೋಡಿ.

ಕೋಶಗಳು ಗಂಟುಗಟ್ಟುವುದರಿಂದ ಸಣ್ಣ ಬಾಯಿಯ ಪಿಪೆಟ್‌ನಿಂದ ತೆಗೆದ ಮಾದರಿಯಿಂದ ಬೆಳವಣಿಗೆ ಅಳೆಯುವುದು ನಂಬಲರ್ಹವಲ್ಲ. ಮಾಧ್ಯಮದ ವಿದ್ಯುದ್ವಾಹಕತೆ ಅಳೆಯುವುದು ಇದಕ್ಕಿಂತ ಭರವಸೆಯ ದಾರಿ. ಕೋಶಗಳು ಲವಣ ಹೀರಿದಂತೆ ಅದು ಇಳಿಯುತ್ತದೆ. ಮತ್ತೆ ಏರತೊಡಗಿದರೆ ಕೋಶಗಳು ಒಡೆಯುತ್ತಿವೆ ಎಂದೇ ಎಣಿಸಿ.

ಬೆಳವಣಿಗೆ ಮತ್ತು ಉತ್ಪಾದನೆಗೆ ಬೇಕಾದ ಪರಿಸ್ಥಿತಿ ಎಷ್ಟೋ ಸಲ ಬೇರೆಬೇರೆ. 1983ರಲ್ಲಿ ಜಪಾನಿನ ಮಿತ್ಸುಯಿ ಕಂಪನಿ ಶಿಕೋನಿನ್ ಎಂಬ ಕೆಂಪು ಬಣ್ಣ ತಯಾರಿಸಿದ್ದು ಎರಡು ಹಂತದಲ್ಲೇ, ಏಕೆಂದರೆ ಬೆಳವಣಿಗೆಯ ಮಾಧ್ಯಮದಲ್ಲಿನ ಅಮೋನಿಯಂ ಆ ಬಣ್ಣವನ್ನು ತಡೆಯುತ್ತಿತ್ತು. ಟ್ಯಾಕ್ಸಸ್ (ಯೂ ಮರ) ಕೋಶಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ಹೆಚ್ಚಿಸಲು ಕೊಡುವ ಪ್ರಚೋದಕ ಮೀಥೈಲ್ ಜಾಸ್ಮೊನೇಟ್, ಸಾಮಾನ್ಯವಾಗಿ 100 ಮೈಕ್ರೋಮೋಲಾರ್, ಬೆಳವಣಿಗೆ ಮುಗಿಯುತ್ತ ಬಂದಾಗ ಸೇರಬೇಕು; ಬೇಗ ಸೇರಿಸಿದರೆ ಬೆಳವಣಿಗೆಯೇ ನಿಂತುಬಿಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಇಳುವರಿ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ ಟ್ಯಾಂಕನ್ನು ದೂರಬೇಡಿ. ಪದೇಪದೇ ಉಪಕೃಷಿ (ಹೊಸ ಮಾಧ್ಯಮಕ್ಕೆ ವರ್ಗಾವಣೆ) ಮಾಡಿದಂತೆ ಕೋಶಸಾಲೇ ಬದಲಾಗುತ್ತದೆ. ಒಳ್ಳೆಯ ಇಳುವರಿ ಕೊಡುವ ಸಾಲು ಸಿಕ್ಕ ಆರಂಭದಲ್ಲೇ ಅದರ ಮಾದರಿಗಳನ್ನು ದ್ರವ ಸಾರಜನಕದಲ್ಲಿ ಇಟ್ಟಿರಬೇಕು.