ಬಾಯಾರಿದ ಬಳ್ಳಿಯ ಕಡುಗೆಂಪು

ಒಂದು ಕರಿ ದ್ರಾಕ್ಷಿ ತೆಗೆದುಕೊಂಡು ಮೆಲ್ಲಗೆ ಸಿಪ್ಪೆ ಬಿಡಿಸಿ ನೋಡಿ. ಹೊರಗೆ ಕಪ್ಪೋ ಕಪ್ಪು. ಒಳಗಿನ ತಿರುಳಿಗೆ ಮಾತ್ರ ಬಣ್ಣವೇ ಇಲ್ಲ, ಅಲ್ಲಲ್ಲಿ ಒಂಚೂರು ಹಸಿರು ಅಷ್ಟೇ. ಬಹುತೇಕ ಎಲ್ಲ ಕಪ್ಪು ತಳಿಗಳ ಕಥೆಯೂ ಇದೇ. ಕೆಂಪು ವೈನಿನ ಕೆಂಪು ಇರುವುದು ಆ ತೆಳ್ಳನೆಯ ಸಿಪ್ಪೆಯಲ್ಲಿ. ನಾಲಿಗೆ ಒಗರು ಮಾಡುವ ಟ್ಯಾನಿನ್ ಇರುವುದೂ ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಅದಕ್ಕೇ ಕೆಂಪು ವೈನ್ ಮಾಡುವವರು ರಸ ಹಿಂಡಿಕೊಂಡು ಸಿಪ್ಪೆ ಎಸೆಯುವುದಿಲ್ಲ. ರಸ, ಸಿಪ್ಪೆ, ಬೀಜ ಎಲ್ಲವನ್ನೂ ಒಟ್ಟಿಗೇ ಹುದುಗಲು ಬಿಡುತ್ತಾರೆ.

ಈ ಸಿಪ್ಪೆಯನ್ನು ನೆನಪಿನಲ್ಲಿಟ್ಟುಕೊಂಡು ಕ್ಯಾಲಿಸ್ಟೋಗಾಕ್ಕೆ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನಾಪಾ ಕಣಿವೆಯ ಉತ್ತರದ ತುದಿಯಲ್ಲಿರುವ ಪುಟ್ಟ ಊರು ಅದು. ಕಣಿವೆಯ ಅತಿ ಬಿಸಿಯಾದ ಜಾಗಗಳಲ್ಲಿ ಒಂದು. ಇಲ್ಲಿನ ದ್ರಾಕ್ಷಿ ಸೀಮೆಗೆ 2009ರ ಕೊನೆಯಲ್ಲಿ ಸರ್ಕಾರದಿಂದ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಕಾಬರ್ನೆ ಸೋವಿನ್ಯೋನ್ ತಳಿಯಿಂದ ಮಾಡುವ ಗಾಢ, ದಪ್ಪ ಮೈಯ ಕೆಂಪು ವೈನಿಗೆ ಇದು ಹೆಸರುವಾಸಿ. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಜ್ವಾಲಾಮುಖಿಯ ಮಣ್ಣು.

ಮಾತು ಸರಿಯೇ. ಆದರೆ ನಾವು ಅಂದುಕೊಳ್ಳುವ ಅರ್ಥದಲ್ಲಿ ಅಲ್ಲ.

ಊರಿನ ಹತ್ತಿರವೇ ಒಂದು ಕಲ್ಲಾದ ಕಾಡಿದೆ. ಸುಮಾರು 34 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯೊಂದು ಸಿಡಿದಾಗ ದೈತ್ಯ ರೆಡ್‌ವುಡ್ ಮರಗಳು ಉರುಳಿ ಬಿದ್ದು ಬೂದಿಯಡಿ ಹೂತುಹೋದವು. ಬೂದಿಯ ಮೂಲಕ ಇಳಿದ ನೀರು ಅದರಲ್ಲಿದ್ದ ಸಿಲಿಕಾವನ್ನು ಕರಗಿಸಿಕೊಂಡು ಮರದೊಳಕ್ಕೆ ಸೇರಿಸಿತು. ಮರ ನಿಧಾನವಾಗಿ ಕಲ್ಲಾಯಿತು. ಈ ಸೀಮೆಯಲ್ಲಿ ಜ್ವಾಲಾಮುಖಿಗಳು ಹುಟ್ಟಿದ್ದು ಭೂಫಲಕಗಳ ಚಲನೆಯಿಂದ. ಸಾಗರದ ಫಲಕವೊಂದು ಖಂಡದ ಅಡಿಗೆ ನುಗ್ಗುತ್ತಿತ್ತು. ಅದು ನಿಂತುಹೋದ ಕಡೆ ನೆಲದಡಿ ಒಂದು ತೆರವು ಉಂಟಾಗಿ, ಆಳದ ಬಿಸಿ ಮೇಲಕ್ಕೆ ಬಂತು. ಆ ತೆರವು ಉತ್ತರಕ್ಕೆ ಸರಿದಂತೆಲ್ಲ ಜ್ವಾಲಾಮುಖಿಗಳೂ ಉತ್ತರಕ್ಕೆ ಸರಿದವು. ಬಿಸಿ ಇನ್ನೂ ಪೂರ್ತಿ ಆರಿಲ್ಲ. ಕ್ಯಾಲಿಸ್ಟೋಗಾದಲ್ಲಿ ಈಗಲೂ ಬಿಸಿನೀರ ಬುಗ್ಗೆಗಳಿವೆ. ಪಕ್ಕದ ಬೆಟ್ಟಗಳಲ್ಲಿ ನೆಲದ ಹಬೆಯಿಂದ ಕರೆಂಟು ತಯಾರಿಸುತ್ತಾರೆ. ಊರಿನ ಹಿಂದೆ ನಿಂತಿರುವ ಸೇಂಟ್ ಹೆಲೆನಾ ಬೆಟ್ಟವನ್ನು ಎಷ್ಟೋ ಜನ ಆರಿದ ಜ್ವಾಲಾಮುಖಿ ಎಂದೇ ತಿಳಿದಿದ್ದಾರೆ. ಅದು ಜ್ವಾಲಾಮುಖಿ ಅಲ್ಲ, ಜ್ವಾಲಾಮುಖಿಗಳು ಉಗುಳಿದ ಬಂಡೆ ಮೇಲೆದ್ದು ಆದ ಬೆಟ್ಟ.

ಇಂಥ ನೆಲದಲ್ಲಿ ಬೆಳೆದ ವೈನ್ ಕುಡಿದವರು ಅದರಲ್ಲಿ ಕಲ್ಲಿನ ರುಚಿ ಇದೆ, ಬೂದಿಯ ಘಮ ಇದೆ ಎನ್ನುತ್ತಾರೆ. ಕೇಳಲು ಚೆಂದ. ಆದರೆ ಬೇರು ಬಂಡೆಯನ್ನು ಹೀರುವುದಿಲ್ಲ ಅಲ್ವಾ? ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಪೋಷಕಾಂಶಗಳನ್ನಷ್ಟೇ ಅದು ಹೀರುತ್ತದೆ. ಪೊಟ್ಯಾಸಿಯಂ ಜ್ವಾಲಾಮುಖಿಯ ಬೂದಿಯಿಂದ ಬಂದರೂ ಒಂದೇ, ಗೊಬ್ಬರದ ಚೀಲದಿಂದ ಬಂದರೂ ಒಂದೇ. ಬಂಡೆಗಾದರೋ ಹೇಳಿಕೊಳ್ಳುವಂಥ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬಂಡೆಯ ರುಚಿ ನೇರವಾಗಿ ವೈನಿಗೆ ಬರುವುದಿಲ್ಲ ಎಂದು ವೇಲ್ಸಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ನನಗೆ ಅವರ ವಾದವೇ ಸರಿ ಅನ್ನಿಸುತ್ತದೆ.

ಹಾಗಾದರೆ ಆ ಮಣ್ಣು ಕೊಡುವುದೇನು? ನನ್ನ ಪ್ರಕಾರ ಅದರ ದೊಡ್ಡ ಕೊಡುಗೆ ಬಾಯಾರಿಕೆ.

ಕಣಿವೆಯ ಅಂಚಿನ ಇಳಿಜಾರುಗಳಲ್ಲಿ ಮಣ್ಣು ತೆಳು, ಗರಸು ಜಾಸ್ತಿ. ಬಿದ್ದ ನೀರು ನಿಲ್ಲದೆ ಇಳಿದುಹೋಗುತ್ತದೆ. ಇಲ್ಲಿ ಮಳೆಯೆಲ್ಲ ಚಳಿಗಾಲದಲ್ಲೇ ಸುರಿದು ಮುಗಿಯುತ್ತದೆ, ಬೇಸಿಗೆಯಿಡೀ ಒಣ. ಬೇರಿನ ಸುತ್ತ ತೇವ ಕಡಿಮೆಯಾಯಿತೆಂದರೆ ಬಳ್ಳಿಯೊಳಗೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳತೊಡಗುತ್ತವೆ. ಹೊಸ ಕುಡಿ ಚಿಗುರುವುದು ನಿಲ್ಲುತ್ತದೆ. ಕುಡಿಗೆ ಹೋಗುತ್ತಿದ್ದ ಸಕ್ಕರೆ ಕಾಯಿಯ ಕಡೆ ತಿರುಗುತ್ತದೆ. ಕಾಯಿ ದೋರೆಯಾಗುವ ಹೊತ್ತಿಗೆ ಅದೇ ಹಾರ್ಮೋನು ಸಿಪ್ಪೆಯಲ್ಲಿ ಆಂಥೋಸಯಾನಿನ್ ಎಂಬ ಬಣ್ಣ ತುಂಬಲು ಕುಮ್ಮಕ್ಕು ಕೊಡುತ್ತದೆ. ಕಾಯಿ ಮಾತ್ರ ನೀರಿಲ್ಲದೆ ಸಣ್ಣದಾಗಿಯೇ ಉಳಿಯುತ್ತದೆ.

ಆ ಸಣ್ಣ ಗಾತ್ರದಲ್ಲೇ ಗುಟ್ಟಿದೆ. ಕಾಯಿಯ ಅಡ್ಡಳತೆ ಅರ್ಧವಾದರೆ ಸಿಪ್ಪೆ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ರಸವೋ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಅಷ್ಟೇ ರಸಕ್ಕೆ ಎರಡು ಪಟ್ಟು ಸಿಪ್ಪೆ! ಕಾಬರ್ನೆ ಮೊದಲೇ ಸಣ್ಣ ಕಾಯಿಯ, ದಪ್ಪ ಸಿಪ್ಪೆಯ ತಳಿ. ಗರಸಿನಲ್ಲಿ ಬಾಯಾರಿ ನಿಂತರೆ ಕೇಳಬೇಕೆ? ಹಾಗಂತ ಸುಮ್ನೆ ಒಣಗಿಸಿದರೂ ಆಗದು. ಎಲೆಯ ರಂಧ್ರಗಳು ಪೂರ್ತಿ ಮುಚ್ಚಿಬಿಟ್ಟರೆ ಸಕ್ಕರೆ ತಯಾರಿಯೇ ನಿಂತುಹೋಗುತ್ತದೆ. ಅದಕ್ಕೇ ಹನಿ ನೀರಾವರಿಯಲ್ಲಿ ಅಳೆದು ಅಳೆದು ನೀರು ಕೊಡುತ್ತಾರೆ. ಬಳ್ಳಿ ಬಾಯಾರಬೇಕು, ಸೊರಗಬಾರದು.

ಬಿಸಿಲಿನ ವಿಷಯದಲ್ಲೂ ಹೀಗೇ. ಕಾಬರ್ನೆಯಲ್ಲಿ ದಪ್ಪ ಮೆಣಸಿನಕಾಯಿಯಂಥ ಹಸಿ ವಾಸನೆ ತರುವ ಪೈರಜೀನ್ ಎಂಬ ವಸ್ತು ಇರುತ್ತದೆ. ಬೆಳಕು, ಬಿಸಿ ಸಿಕ್ಕರೆ ಅದು ಇಳಿಯುತ್ತದೆ. ತಂಪು ಪ್ರದೇಶದವರಿಗೆ ಇದೇ ದೊಡ್ಡ ತಲೆನೋವು, ಇಲ್ಲಿ ಅಷ್ಟಾಗಿ ಇಲ್ಲ. ಆದರೆ ತಾಪ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಿಪ್ಪೆಯಲ್ಲಿ ಬಣ್ಣ ಕಟ್ಟುವುದೇ ಕುಂಟುತ್ತದೆ, ಹುಳಿಯೂ ಕರಗುತ್ತಾ ಹೋಗುತ್ತದೆ. ಕ್ಯಾಲಿಸ್ಟೋಗಾದಲ್ಲಿ ಬೇಸಿಗೆಯ ಹಗಲು ಆ ಗಡಿ ಮುಟ್ಟುವುದು ಅಪರೂಪವೇನಲ್ಲ. ಕಾಪಾಡುವುದು ರಾತ್ರಿ. ವಾಯವ್ಯದ ಬೆಟ್ಟಗಳ ಸಂದಿನಿಂದ ಪೆಸಿಫಿಕ್ ಸಾಗರದ ತಂಪು ಗಾಳಿ ನುಗ್ಗುತ್ತದೆ. ಹಗಲು ಬೆಂದ ಕಣಿವೆ ರಾತ್ರಿ ಚಳಿಗೆ ಮುದುಡುತ್ತದೆ. ಹುಳಿ ಉಳಿಯುವುದು ಈ ತಂಪಿನಿಂದ. ಅದಿಲ್ಲದಿದ್ದರೆ ಇಷ್ಟು ಗಾಢವಾದ ವೈನ್ ಬಾಯಲ್ಲಿ ಮಂದವಾಗಿ ಕೂತುಬಿಡುತ್ತದೆ.

ಇತ್ತೀಚೆಗೆ ಆ ಸಿಪ್ಪೆಗೇ ಹೊಸ ಗಂಡಾಂತರ ಬಂದಿದೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ, ಕಾಬರ್ನೆ ಇನ್ನೂ ಬಳ್ಳಿಯಲ್ಲಿದ್ದಾಗ, ಗ್ಲಾಸ್ ಎಂಬ ಹೆಸರಿನ ಕಾಳ್ಗಿಚ್ಚು ಈ ಸೀಮೆಯನ್ನು ಸುಟ್ಟಿತು. ಬೆಂಕಿ ಮುಟ್ಟದ ತೋಟಗಳಿಗೂ ಹೊಗೆ ಕವಿಯಿತು. ಹೊಗೆಯಲ್ಲಿರುವ ಗ್ವಾಯಕಾಲ್‌ನಂಥ ವಸ್ತುಗಳು ಕಾಯಿಗೆ ಸೇರಿ, ಅಲ್ಲಿನ ಸಕ್ಕರೆಯ ಜೊತೆ ಬೆಸೆದುಕೊಳ್ಳುತ್ತವೆ. ಬೆಸೆದ ಮೇಲೆ ವಾಸನೆ ಮುಚ್ಚಿಹೋಗುತ್ತದೆ. ಬಳ್ಳಿಯಿಂದ ಕಿತ್ತು ತಿಂದವರಿಗೆ ಸಿಹಿಯೇ ಸಿಹಿ. ಹುದುಗುವಾಗ, ಕೆಲವೊಮ್ಮೆ ಕುಡಿದವರ ಬಾಯಲ್ಲೇ, ಆ ಬೆಸುಗೆ ಬಿಡುತ್ತದೆ. ಆಗ ವೈನ್ ತಣ್ಣಗಾದ ಒಲೆಯ ಬೂದಿಯಂತೆ ನಾರುತ್ತದೆ. ಆ ವರ್ಷ ನಾಪಾದ ಎಷ್ಟೋ ತಯಾರಕರು ಕಾಬರ್ನೆಯನ್ನೇ ಮಾಡಲಿಲ್ಲ.

ಈಗ ಕೊಯ್ಲಿಗೆ ಮುಂಚೆ ಹೊಗೆ ಕವಿದರೆ ಬೆಳೆಗಾರರು ನಾಲಿಗೆಯನ್ನು ನಂಬುವುದಿಲ್ಲ. ಒಂದು ಬಕೆಟ್ ಹಣ್ಣು ಕಿತ್ತು, ಸಿಪ್ಪೆ ಸಮೇತ ಜಜ್ಜಿ, ಹುದುಗಲು ಇಟ್ಟು ದಿನ ಎಣಿಸುತ್ತಾರೆ. ಆ ಬಕೆಟ್ಟಿನ ವಾಸನೆ ನೋಡಿದ ಮೇಲೆಯೇ ತೋಟಕ್ಕೆ ಕತ್ತರಿ ಹಿಡಿದು ಇಳಿಯಬೇಕೋ ಬೇಡವೋ ಎಂಬ ತೀರ್ಮಾನ.