ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು ಕೆಲಸಕ್ಕೆ ವಾಪಸ್ ಬಂದರೆ ಮಾಲೀಕರು ಏನು ಮಾಡಬೇಕು?

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಹನ್ನೆರಡು ಜನ ಕೆಲಸಕ್ಕಿದ್ದಾರೆ. ಅವರಲ್ಲಿ ಒಬ್ಬ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಮುಂದಿನ ತಿಂಗಳಿಂದ ಬರ್ತೀನಿ ಅಂತಿದ್ದಾರೆ. ಪಾಪ, ಇನ್ನೂ ಆರು ತಿಂಗಳು ಮನೆಯಲ್ಲೇ ಇರಿ ಅನ್ನಲೋ, ಬನ್ನಿ ಅನ್ನಲೋ?

ಉತ್ತರ: ಡಾಕ್ಟರ್ ಸರಿ ಅಂದಿದ್ದರೆ ಬನ್ನಿ ಅನ್ನಿ. ಆ 'ಪಾಪ'ವನ್ನು ಮಾತ್ರ ಚಪ್ಪಲಿ ಜೊತೆ ಅಂಗಡಿಯ ಹೊರಗೇ ಬಿಡಿ.

ಚಿಕಿತ್ಸೆ ಮುಗಿದ ದಿನವೇ ಸುಸ್ತು ಮುಗಿಯುವುದಿಲ್ಲ. ಇದು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುವ ಸುಸ್ತೂ ಅಲ್ಲ. ತಿಂಗಳುಗಟ್ಟಲೆ ಇರುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. ಬೆಳಿಗ್ಗೆ ಲವಲವಿಕೆಯಿಂದ ಇದ್ದವರು ಮಧ್ಯಾಹ್ನ ಮೂರಕ್ಕೆ ಗೋಡೆ ಹಿಡಿಯುತ್ತಾರೆ. ಕೆಲಸಕ್ಕೆ ವಾಪಸ್ ಬರುವಷ್ಟೊತ್ತಿಗೆ ಕೂದಲು ಬಂದಿರುತ್ತದೆ, ಮುಖಕ್ಕೆ ಕಳೆ ಬಂದಿರುತ್ತದೆ. ನೋಡುವವರಿಗೆ 'ಚೆನ್ನಾಗೇ ಇದ್ದಾರಲ್ಲ, ನಾಟಕ ಇರಬೇಕು' ಅನಿಸುತ್ತದೆ. ಜಗಳ ಶುರುವಾಗುವುದೇ ಇಲ್ಲಿ.

ಹಾಗಾಗಿ ಮೊದಲು ಅರ್ಧ ದಿನ ಬರಲಿ. ಎರಡು ಮೂರು ವಾರ ನೋಡಿ, ಅವರನ್ನೇ ಕೇಳಿ, ಆಮೇಲೆ ಹೊತ್ತು ಹೆಚ್ಚಿಸಿ. ಮದುವೆ ಸೀಸನ್‌ನ ನೂಕುನುಗ್ಗಲಲ್ಲಿ ಶುರು ಮಾಡಿಸಬೇಡಿ.

ಕೈ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಸೀರೆ ಅಂಗಡಿ ಕೆಲಸ ಎಲ್ಲ ಕೈಯದೇ ಅಲ್ವಾ. ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಆ ಕಡೆಯ ಕೈಯಲ್ಲಿ ನೀರು ತುಂಬಿ ಊದಿಕೊಳ್ಳಬಹುದು. ವರ್ಷಗಳು ಕಳೆದ ಮೇಲೂ ಇದು ಕಾಣಿಸಿಕೊಳ್ಳುವುದುಂಟು. ಮೇಲಿನ ಕಪಾಟಿನಿಂದ ಕಟ್ಟು ಎಳೆಯುವುದು, ಬಂಡಲ್ ಎತ್ತುವುದು ಬೇರೆಯವರ ಪಾಲಿಗಿರಲಿ. ಹಾಗಂತ ಆ ಕೈಯನ್ನು ಸುಮ್ನೆ ಮಡಿಲಲ್ಲಿ ಇಟ್ಟುಕೊಂಡು ಕೂರುವುದೂ ಒಳ್ಳೆಯದಲ್ಲ. ಸೀರೆ ಬಿಚ್ಚಿ ತೋರಿಸಲಿ, ಮಡಚಲಿ. ಭಾರ ಯಾವಾಗ, ಎಷ್ಟು ಎತ್ತಬಹುದು ಅನ್ನುವುದನ್ನು ಫಿಸಿಯೋಥೆರಪಿಯವರು ಹೇಳುತ್ತಾರೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಿಯಿಂದ ಬೆರಳ ತುದಿ ಜೋಮು ಹಿಡಿದಿರಬಹುದು. ನೋಟು ಎಣಿಸುವುದು ನಿಧಾನವಾದರೆ ಗೊಣಗಬೇಡಿ. ಮರೆವೂ ಇರಬಹುದು. ಒಂದು ಚೀಟಿ ಪುಸ್ತಕ ಕೊಡಿ, ಬರೆದುಕೊಳ್ಳಲಿ.

ಇನ್ನು ದುಡ್ಡು. ಕೈಯಲ್ಲಿ ಕಾಸಿಲ್ಲ ಅಂತ, ಮೈಗೆ ಆಗದಿದ್ದರೂ ಬರುತ್ತಿದ್ದಾರಾ ಅಂತ ಮೆಲ್ಲಗೆ ಕೇಳಿ. ನಿಮ್ಮಲ್ಲಿ ಹನ್ನೆರಡು ಜನ ಇದ್ದಾರೆ. ಅವರ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಅವರು ಇಎಸ್‌ಐಗೆ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮಾ ಯೋಜನೆಗೆ, ಬರಬೇಕು. ಅಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ. 80, ಅದೂ ಎರಡು ವರ್ಷದವರೆಗೆ. ಕನಿಷ್ಠ ಎರಡು ವರ್ಷ ಸರ್ವಿಸ್ ಆಗಿರಬೇಕು, ಕಂತು ಸರಿಯಾಗಿ ಕಟ್ಟಿರಬೇಕು, ಕೆಲಸ ಮಾಡಲಾಗದು ಅಂತ ವೈದ್ಯರ ಸರ್ಟಿಫಿಕೇಟ್ ಇರಬೇಕು. ನಿಮ್ಮ ಕಡೆಯ ಕಂತು ಬಾಕಿ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಚೆಕಪ್‌ಗೆ ಕೆಲವು ತಿಂಗಳಿಗೊಮ್ಮೆ ಹೋಗುತ್ತಲೇ ಇರಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಾದರೆ ಒಂದು ದಿನದ ರಜೆ ಸಾಲದು, ಎರಡು ದಿನ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ರಿಪೋರ್ಟ್ ಬರುವ ವಾರ ಬಿಲ್ ತಪ್ಪಿದರೂ ಬೈಯಬೇಡಿ.

ಉಳಿದ ಹುಡುಗರಿಗೆ ನೀವೇ ಒಂದು ಮಾತು ಹೇಳಿ: ಕ್ಯಾನ್ಸರ್ ಅಂಟುವುದಿಲ್ಲ, ಹೊರಗಿನಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಲೋಟ ಬೇರೆ ಇಡುವ ಜನ ಇನ್ನೂ ಇದ್ದಾರೆ. ಸಂಜೆ ಮಿರ್ಚಿ ಮಂಡಕ್ಕಿ ತರಿಸಿದಾಗ ಎಲ್ಲರೂ ಒಂದೇ ಪೇಪರ್ ಸುತ್ತ ಕೂತು ತಿನ್ನಿ, ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಗಿರಾಕಿಗಳು 'ಎಲ್ಲಿ ಹೋಗಿದ್ರಿ ಇಷ್ಟು ದಿನ' ಅಂದರೆ ಏನು ಹೇಳಬೇಕು ಅನ್ನುವುದನ್ನು ಅಕ್ಕನೇ ತೀರ್ಮಾನಿಸಲಿ. ನೀವು ಮುಂದೆ ಬಿದ್ದು ಕಥೆ ಹೇಳಬೇಡಿ.

ಕೌಂಟರ್ ಹಿಂದೆ ಒಂದು ಸ್ಟೂಲ್ ಬೇಕು. ಅದನ್ನು ಅವರು ಬರುವ ಮುಂಚೆಯೇ ತಂದಿಡಿ, ಕೇಳಿ ತರಿಸಿಕೊಳ್ಳಲು ಅವರಿಗೆ ಸಂಕೋಚ ಆಗುತ್ತದೆ.